ಹಸಿರು ಲಂಗದ ಬೊಂಬೆ

ಕ್ಯಾಲನೂರಿನ ಚನ್ನರಾಯಪ್ಪನ ಮನೆಗೆ ಪ್ರತಿ ವರ್ಷ ಹಿರಿಯರ ಹಬ್ಬದ ಹಿಂದಿನ ದಿನ ಒಂದು ಹಸಿರು ಲಂಗ ಬರುತ್ತದೆ. ಕೆಂಪು ಅಂಚು, ಏಳು ವರ್ಷದ ಹುಡುಗಿಯ ಅಳತೆ. ಚನ್ನರಾಯಪ್ಪ ಹೋಗಿ ಆರು ವರ್ಷವಾಯಿತು. ಅವನ ಹೆಂಡತಿ ಮುನಿಯಲ್ಲಮ್ಮ ಕೋಲಾರದ ಅದೇ ಅಂಗಡಿಗೆ ಹೋಗಿ, ಅದೇ ಬಣ್ಣ ಕೇಳಿ ತರುತ್ತಾಳೆ. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯದ ಎಡೆ ಇಟ್ಟು, ಗಂಡನ ಹೆಸರಿಗೊಂದು ಪಂಚೆ, ಅತ್ತೆಯ ಹೆಸರಿಗೊಂದು ಸೀರೆ, ಪಕ್ಕದಲ್ಲಿ ಈ ಲಂಗ ಇಡುತ್ತಾಳೆ. ಮರುದಿನ ಪಂಚೆಯನ್ನು ಮಗ ಕದಿರೇಶ್ ಉಡುತ್ತಾನೆ, ಸೀರೆಯನ್ನು ಸೊಸೆ ಶ್ರೀವಾಣಿ. ಎಡೆಗಿಟ್ಟ ಬಟ್ಟೆ ಬದುಕಿರುವವರ ಮೈಮೇಲೆ ಬಂದರೇ ಹೋದವರಿಗೆ ಸೇರುವುದು ಅಂತ ನಂಬಿಕೆ. ಲಂಗ ಮಾತ್ರ ಯಾರ ಮೈಗೂ ಹೋಗುವುದಿಲ್ಲ. ಮುನಿಯಲ್ಲಮ್ಮ ಅದನ್ನು ಮಡಚಿ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾಳೆ.

ಮೊಮ್ಮಗಳು ರಮ್ಯ ಹುಟ್ಟಿದ ವರ್ಷ ಎದುರು ಮನೆಯ ಭಾರತಮ್ಮ ಬಾಯಿಬಿಟ್ಟು ಹೇಳಿದ್ದಳು.

"ಮುನಿಯಲ್ಲಕ್ಕಾ, ಇನ್ನಾದ್ರೂ ಆ ಲಂಗಗಳ್ನ ಮೊಮ್ಮಗಳಿಗೆ ಎತ್ತಿಡು. ಉಡ್ದೇ ಇರೋ ಎಡೆ ಬಟ್ಟೆ ಮನೇಲಿ ಇಟ್ಕೋಬಾರ್ದು."

"ನಿನ್ ಮನೆ ಪೆಟ್ಟಿಗೆ ನೀನ್ ನೋಡ್ಕೊ," ಅಂದಳು ಮುನಿಯಲ್ಲಮ್ಮ. ಮುಂದೆ ಯಾರೂ ಆ ಸುದ್ದಿ ಎತ್ತಲಿಲ್ಲ. ಈಗ ರಮ್ಯನಿಗೆ ಒಂಬತ್ತು. ಈ ಸಲದ ಲಂಗ ಅವಳಿಗೆ ಮೊಣಕಾಲು ದಾಟುವುದಿಲ್ಲ.

ಲಂಗ ಯಾರಿಗೆ ಅನ್ನುವುದು ಊರಿಗೆಲ್ಲ ಗೊತ್ತು. ಕದಿರೇಶನ ತಂಗಿ, ಇಪ್ಪತ್ತೆಂಟು ವರ್ಷದ ಹಿಂದೆ ಹೊಲದ ಬಾವಿಗೆ ಬಿದ್ದು ಹೋದವಳು. ಹೆಸರು ಸುನಂದ. ನಾನು ಇಲ್ಲಿ ಬರೆದೆ ಅಷ್ಟೆ, ಆ ಮನೆಯಲ್ಲಿ ಆ ಹೆಸರನ್ನು ಯಾರೂ ಆಡುವುದಿಲ್ಲ. "ಮಗು" ಅನ್ನುತ್ತಾರೆ, ಅದೂ ವರ್ಷಕ್ಕೊಂದು ಸಲ. ಕೋಲಾರದ ಬಾವಿಗಳ ಗತಿ ಗೊತ್ತಲ್ಲ, ಇದೂ ಬತ್ತಿ ಯಾವುದೋ ಕಾಲವಾಯಿತು. ತಳದಲ್ಲಿ ಎಕ್ಕದ ಗಿಡ, ಹರಿದ ಚಪ್ಪಲಿ, ಒಡೆದ ಕೊಡ. ಬಿದ್ದರೆ ಕಾಲು ಮುರಿಯಬಹುದು, ಮುಳುಗುವ ಮಾತೇ ಇಲ್ಲ. ಆದರೂ ಮುನಿಯಲ್ಲಮ್ಮ ರಮ್ಯನನ್ನು ಆ ಕಡೆ ಬಿಡುವುದಿಲ್ಲ.

ಇಂಥ ಮನೆಗೆ ಬೊಂಬೆಯಾಟ ತಂದವಳು ಶ್ರೀವಾಣಿ. ಗೌನಿಪಲ್ಲಿಯ ಹುಡುಗಿ, ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಕೋಲಾರದಲ್ಲಿ ಮೂರು ದಿನ ಬೊಂಬೆ ಮಾಡುವ ತರಬೇತಿಗೆ ಹೋಗಿ ಬಂದಮೇಲೆ ಕೈ ಸುಮ್ಮನಿರಲಿಲ್ಲ. ಹೆಡ್‌ಮಾಸ್ಟರ್ ವೆಂಕಟರಾಯಪ್ಪನವರೂ ಖುಷಿಯಿಂದ ಕುಣಿದರು. ಮಕ್ಕಳ ದಿನಾಚರಣೆಯ ಸಂಜೆ, ಡೇರಿಗೆ ಹಾಲು ಹಾಕಿದ ಮೇಲೆ, ತಂದೆ ತಾಯಿ ಅಜ್ಜಿ ತಾತ ಎಲ್ಲರೂ ಬಂದು ನೋಡುವ ಹಾಗೆ ಹಾಡಿನ ಬೊಂಬೆಯಾಟ. ಹಾರ್ಮೋನಿಯಂಗೆ ಭಜನೆ ಮನೆಯ ಆವಲಪ್ಪ ಒಪ್ಪಿಕೊಂಡ.

ಅಕ್ಟೋಬರ್ ಎರಡನೇ ವಾರ, ಸಂಜೆ ಊಟಕ್ಕೆ ಕೂತಾಗ ಶ್ರೀವಾಣಿ ಸುದ್ದಿ ಹೇಳಿದಳು. ಹುರುಳಿಕಾಳು ಸಾರು, ಬಿಸಿ ಮುದ್ದೆ.

"ಯಾವ್ ಕಥೆ ಆಡಿಸ್ತಿಯಾ?" ಕದಿರೇಶ್ ಮುದ್ದೆ ಮುರಿಯುತ್ತಾ ಕೇಳಿದ.

"ಬಾವಿ ಹೂವಿನ ಕಥೆ. ನಮ್ಮಮ್ಮಮ್ಮ ತೆಲುಗಲ್ಲಿ ಹೇಳೋರು. ಇಲ್ಲೂ ಎಲ್ಲಾ ಮಕ್ಳಿಗೂ ಗೊತ್ತು."

ಕಥೆ ಚಿಕ್ಕದು. ಮಲತಾಯಿ ಹುಡುಗಿಯನ್ನು ಬಾವಿಗೆ ನೂಕುತ್ತಾಳೆ. ಹುಡುಗಿ ನೀರಿನಲ್ಲಿ ಹೂವಾಗುತ್ತಾಳೆ. ರಾಜ ಕೀಳಲು ಬಂದರೆ ಹೂ ಹಾಡುತ್ತಾ ಕೆಳಕ್ಕೆ ಹೋಗುತ್ತದೆ, ಮಂತ್ರಿ ಬಂದರೂ ಅಷ್ಟೆ. ಕೊನೆಗೆ ಅವಳ ಅಣ್ಣ ಬಂದು ಹೆಸರು ಹಿಡಿದು ಮೂರು ಸಲ ಕರೆಯುತ್ತಾನೆ. ಹೂ ತಾನಾಗಿ ಮೇಲೆ ಬಂದು ಹುಡುಗಿಯಾಗಿ ಕೇಳುತ್ತದೆ, "ಯಾಕಣ್ಣ ಇಷ್ಟು ತಡ?" ಅಂತ.

ಮುನಿಯಲ್ಲಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಬೇರೆ ಕಥೆ ಸಿಗ್ಲಿಲ್ವಾ ನಿಂಗೆ?"

"ಯಾಕತ್ತೆ?" ಹನ್ನೊಂದು ವರ್ಷ ಸಂಸಾರ ಮಾಡಿದ್ದರೂ ಆ ಮನೆಯಲ್ಲಿ ಆ ಕಥೆ ಹೇಳಬಾರದು ಅಂತ ಶ್ರೀವಾಣಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಯಾಕೆ ಅಂತಲೂ ಹೇಳಬೇಕಲ್ಲ!

ಅಷ್ಟರಲ್ಲಿ ರಮ್ಯ ಉಣ್ಣುವುದು ಬಿಟ್ಟು ಹಾಡಿಯೇಬಿಟ್ಟಳು.

"ಕೀಳಬೇಡ ರಾಜಣ್ಣ, ಕೊಯ್ಯಬೇಡ ರಾಜಣ್ಣ,
ನೀರೊಳಗಿನ ಹೂ ನಾನು, ನಿನ್ನ ಕೈಗೆ ಸಿಗಲಾರೆ.
ಒಂದೇ ತಟ್ಟೇಲಿ ಉಂಡೋನು, ಒಂದೇ ಚಾಪೇಲಿ ಮಲಗೋನು,
ನನ್ನಣ್ಣ ಬಂದು ಕರೆದರೆ ಬರ್ತೀನಿ."

ಊರಲ್ಲಿ ಆ ಹಾಡಿಗೆ ನಾಲ್ಕಾರು ರಾಗಗಳಿವೆ. ರಮ್ಯ ಹಾಡಿದ್ದು ಅವುಗಳಲ್ಲಿ ಯಾವುದೂ ಅಲ್ಲ. 'ಚಾಪೇಲಿ' ಅನ್ನುವ ಕಡೆ ದನಿ ಎಳೆದು ಕೆಳಗಿಳಿಸುವುದು ಮುನಿಯಲ್ಲಮ್ಮನದೇ ರಾಗ. ಅವಳು ತನ್ನ ಎರಡು ಮಕ್ಕಳಿಗೆ ಬಿಟ್ಟರೆ ಇನ್ಯಾರಿಗೂ ಅದನ್ನು ಹಾಡಿರಲಿಲ್ಲ. ಹಾಡಿ ಇಪ್ಪತ್ತೆಂಟು ವರ್ಷವಾಗಿತ್ತು.

"ಇದ್ನ ಯಾರೇ ಹೇಳ್ಕೊಟ್ಟಿದ್ದು?" ಅಂದಳು ಮುನಿಯಲ್ಲಮ್ಮ.

"ಅಪ್ಪ. ಹಾಲ್ ಕರೀವಾಗ ದಿನಾ ಹಾಡ್ತಾರೆ."

"ನಾನಾ?" ಕದಿರೇಶ್ ತಬ್ಬಿಬ್ಬಾದ. "ನಾನ್ ಯಾವತ್ತೂ ಹಾಡಿಲ್ಲ."

"ಹಾಡ್ತೀಯ ಅಪ್ಪ. ಬಾಯಿ ಮುಚ್ಕೊಂಡು ಹಾಡ್ತೀಯ. ನೀನು ಹಾಡಿದ್ರೇನೇ ಹಸು ಸೊರ ಬಿಡೋದು, ಹಾಲು ಇಳಿಯೋದು."

ಅವನು ಸುಳ್ಳು ಹೇಳಿರಲಿಲ್ಲ. ತಾನು ಹಾಡುವುದು ಅವನಿಗೇ ಗೊತ್ತಿರಲಿಲ್ಲ. ಮುನಿಯಲ್ಲಮ್ಮ ಅರ್ಧ ಮುದ್ದೆ ಬಿಟ್ಟು ಕೈ ತೊಳೆದಳು. ಮರುದಿನ ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿಕೊಂಡು, "ಹೋಳೂರಿಗೆ ಹೋಗ್ತೀನಿ, ತಂಗಿ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ," ಅಂತ ಬಸ್ಸು ಹತ್ತಿದಳು.

ಅತ್ತೆ ಇಲ್ಲದ ನಾಲ್ಕು ದಿನದಲ್ಲಿ ಶ್ರೀವಾಣಿ ಬೊಂಬೆಗಳನ್ನೆಲ್ಲ ಮಾಡಿದಳು. ಹಳೇ ಪೇಪರ್ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ತಲೆ ಮಾಡಿ ಬಿಸಿಲಿಗಿಟ್ಟಳು. ಕುತ್ತಿಗೆಗೆ ಬಿದಿರು ಕೋಲು. ರಾಜನಿಗೆ ಜೋಳದ ಕೂದಲಿನ ಮೀಸೆ. ತಳ ತೆಗೆದ ಬಿದಿರಿನ ಮಂಕರಿಯೇ ಬಾವಿ, ಕೆಳಗಿನಿಂದ ಕೋಲು ಎತ್ತಿದರೆ ಬೊಂಬೆ ಮೇಲೆ ಬರುತ್ತದೆ. ಎಲ್ಲ ಆಯಿತು, ಹುಡುಗಿಯ ಬೊಂಬೆಗೆ ಬಟ್ಟೆ ಇರಲಿಲ್ಲ.

"ಅಜ್ಜಿ ಪೆಟ್ಟಿಗೆ ತುಂಬಾ ಲಂಗ ಐತಲ್ಲಮ್ಮ," ಅಂದಳು ರಮ್ಯ. "ಬೀಗದ ಕೈ ದೇವರ ಗೂಡಲ್ಲೈತೆ."

ಶ್ರೀವಾಣಿ ಹಿಂದೆ ಮುಂದೆ ನೋಡಿದಳು. ಆದರೆ ಅವಳಿಗೂ ಆ ಪೆಟ್ಟಿಗೆಯ ಮೇಲೆ ಮೊದಲಿನಿಂದ ಸಿಟ್ಟಿತ್ತು. ಯಾರೂ ಉಡದ ಎಡೆ ಬಟ್ಟೆ ಮನೆಯಲ್ಲಿ ಕೊಳೆಯುವುದು ಒಳ್ಳೆಯದಲ್ಲ, ಬೊಂಬೆಯಾದರೂ ಉಟ್ಟರೆ ಆ ಮಗುವಿಗೆ ಒಂದಾದರೂ ಸೇರಲಿ ಅಂದುಕೊಂಡಳು. ಪೆಟ್ಟಿಗೆ ತೆಗೆದರೆ ಎಲ್ಲವೂ ಒಂದೇ ಬಣ್ಣ, ಒಂದೇ ಅಂಚು, ಒಂದೇ ಅಳತೆ. ಹೊಸದನ್ನು ಯಾಕೆ ಹಾಳು ಮಾಡಲಿ ಅಂತ ತೀರಾ ಅಡಿಯಲ್ಲಿದ್ದ, ಬಣ್ಣ ಮಾಸಿದ ಒಂದನ್ನು ಎಳೆದುಕೊಂಡಳು. ಕತ್ತರಿ ಹಾಕಿ, ಸಂಜೆಯೊಳಗೆ ಹೊಲಿದು ಮುಗಿಸಿದಳು. ಮಿತವ್ಯಯದ ಹೆಂಗಸು ಮಾಡುವ ತಪ್ಪನ್ನೇ ಅವಳೂ ಮಾಡಿದ್ದು. ರಮ್ಯ ಬೊಂಬೆಯ ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಕೋಲನ್ನು ಅಡುಗೆ ಮನೆ ಬಾಗಿಲ ಪಕ್ಕದ ರಾಗಿ ಮೂಟೆಗೆ ಸಿಕ್ಕಿಸಿ ನಿಲ್ಲಿಸಿದಳು.

ಮರುದಿನ ಬೆಳಗಾಗುವ ಹೊತ್ತು, ಕರೆಂಟಿರಲಿಲ್ಲ. ಕದಿರೇಶ್ ಹಾಲಿನ ಕ್ಯಾನು ಹಿಡಿದು ಹಿತ್ತಿಲಿನಿಂದ ಒಳಗೆ ಬಂದ. ಅಡುಗೆ ಮನೆ ಬಾಗಿಲಲ್ಲಿ ಹಸಿರು ಲಂಗ ಉಟ್ಟ ಹುಡುಗಿ ನಿಂತಿದ್ದಳು. ಕಿಟಕಿಯ ಗಾಳಿಗೆ ಲಂಗ ಅತ್ತಿತ್ತ ಆಡುತ್ತಿತ್ತು. ಕ್ಯಾನು ಕೈಜಾರಿ ಹತ್ತು ಲೀಟರ್ ಹಾಲು ನಡುಮನೆಯಲ್ಲೆಲ್ಲ ಹರಿಯಿತು.

"ಬಂದವ್ಳೆ," ಅಂದ. "ಶ್ರೀವಾಣಿ, ಅವಳ್ ಬಂದವ್ಳೆ."

"ಅಯ್ಯೋ ದೇವುಡಾ! ಬೊಂಬೆ ರೀ ಅದು, ಬೊಂಬೆ!" ಶ್ರೀವಾಣಿ ಮೊಬೈಲ್ ಲೈಟು ಹಾಕಿಕೊಂಡು ಓಡಿ ಬಂದಳು. ಗಂಡ ಗೋಡೆಗೆ ಅಂಟಿಕೊಂಡು ನಿಂತಿದ್ದ. ಮೂವತ್ತೆಂಟು ವರ್ಷದ ಗಂಡಸು, ಸೀಮೆ ಹಸುವನ್ನು ಒಂಟಿ ಕೈಯಲ್ಲಿ ಹಿಡಿದು ನಿಲ್ಲಿಸುವವನು.

ಇಬ್ಬರೂ ಹಳೇ ಪಂಚೆ ತಗೊಂಡು ಮಂಡಿಯೂರಿ ಹಾಲು ಒರೆಸತೊಡಗಿದರು. ಒರೆಸುತ್ತಲೇ ಅವನು ಹೇಳಿದ.

"ಅವತ್ತು ಗೋಲಿ ಆಡಕ್ಕೆ ಹೊರಟಿದ್ದೆ. ಹಿಂದೇನೇ ಬಂದ್ಲು. ನಾನೂ ಬರ್ತೀನಿ, ನಾನೂ ಬರ್ತೀನಿ ಅಂತ. ಹುಡುಗ್ರು ನಗ್ತಾರೆ ಅಂತ ನಂಗೆ ಅವಮಾನ. ನಮ್ ಬಾವೀಲಿ ಕಥೆ ಹೂವು ಬಂದೈತೆ, ಬಗ್ಗಿ ಕರೆದ್ರೆ ಹಾಡ್ತದೆ, ಹೋಗಿ ನೋಡು ಅಂದೆ. ಹೋದ್ಲು. ನಾನು ಹೊತ್ತು ಮುಳುಗೋವರ್ಗೂ ಗೋಲಿ ಆಡ್ದೆ. ಹದಿನಾರು ಗೋಲಿ ಗೆದ್ದಿದ್ದೆ ಅವತ್ತು."

ಶ್ರೀವಾಣಿ ಪಂಚೆ ಹಿಂಡುವುದನ್ನು ನಿಲ್ಲಿಸಿದಳು. "ಅತ್ತೆಗೆ ಗೊತ್ತಾ?"

"ಗೊತ್ತಾಗಿದ್ರೆ ನಂಗೆ ಮುದ್ದೆ ಇಕ್ತಿದ್ಲಾ? ಮಗೂನ ಕೊಂದೋನು ಅಂತ ಯಾವತ್ತೋ ಆಚೆ ಹಾಕಿರೋಳು. ಈ ಬೊಂಬೆಯಾಟ ಬೇಡ ಕಣೇ. ನಿಲ್ಸಿಬಿಡು."

"ಅತ್ತೆಗೆ ಹೇಳ್ಬಿಡಿ. ಎಷ್ಟು ವರ್ಷ ಹೊತ್ಕೊಂಡ್ ತಿರುಗ್ತೀರಾ?"

"ನೀನೂ ಹೇಳ್ಬಾರ್ದು. ರಮ್ಯನ ತಲೆ ಮುಟ್ಟಿ ಆಣೆ ಮಾಡು."

ರಮ್ಯ ಇನ್ನೂ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಶ್ರೀವಾಣಿ ಹಾಲಿನ ಕೈಯಲ್ಲೇ ಮಗಳ ತಲೆ ಮುಟ್ಟಿದಳು. ಹೆತ್ತ ಮಗಳ ತಲೆಯ ಮೇಲಿನ ಆಣೆಯನ್ನು ನಮ್ಮ ಕಡೆಯ ಹೆಂಗಸು ಮುರಿಯುವುದಿಲ್ಲ, ಎಷ್ಟೇ ಓದಿರಲಿ.

ಅದೇ ದಿನ ಮಧ್ಯಾಹ್ನ ಮುನಿಯಲ್ಲಮ್ಮ ಹೋಳೂರಿನಿಂದ ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ರಾಗಿ ಮೂಟೆಯ ಕಡೆ ನೋಡಿದಳು. ಹತ್ತಿರ ಹೋದಳು. ಬೊಂಬೆಯ ಲಂಗದ ಅಂಚು ತಿರುಗಿಸಿ ಒಳಭಾಗ ನೋಡಿದಳು. ಅಲ್ಲಿ ಬೇಲಿ ಮುಳ್ಳಿಗೆ ಸಿಕ್ಕಿ ಹರಿದದ್ದನ್ನು ಹೊಲಿದ ಗುರುತಿತ್ತು. ಹಸಿರು ದಾರ ಸಿಗದೆ ಕರೀ ದಾರದಲ್ಲಿ ಹೊಲಿದದ್ದು.

"ಇದ್ನ ಕತ್ತರಿಸ್ದೋರು ಯಾರು?"

"ನಾನೇ ಅತ್ತೆ. ಹೊಸದು ಯಾಕೆ ಅಂತ ಹಳೇದು ತಗೊಂಡೆ..."

"ಹಳೇದು," ಅಂದಳು ಮುನಿಯಲ್ಲಮ್ಮ. "ಹಳೇದು ಒಂದೇ ಇದ್ದಿದ್ದು ಕಣಮ್ಮ. ಅದು ಮಗು ಮೈಮೇಲಿದ್ದಿದ್ದು."

ನೀರಿನಿಂದ ಎತ್ತಿದ ಮೈಮೇಲಿದ್ದ ಬಟ್ಟೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಹಾಗಿಲ್ಲ. ಅವಳು ಯಾರಿಗೂ ಕಾಣದ ಹಾಗೆ ಒಗೆದು, ಒಣಗಿಸಿ, ಬಚ್ಚಿಟ್ಟಿದ್ದಳು. ಅದನ್ನು ಮುಚ್ಚಲು ವರ್ಷಕ್ಕೊಂದರಂತೆ ಅದೇ ಬಣ್ಣದ ಲಂಗ ಮೇಲೆ ಮೇಲೆ ಹೇರುತ್ತಾ ಬಂದಿದ್ದಳು. ಶ್ರೀವಾಣಿ ಕಾಲಿಗೆ ಬಿದ್ದಳು. ಮುನಿಯಲ್ಲಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ಬೊಂಬೆಯನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಮೂರು ದಿನ ಮನೆಯಲ್ಲಿ ಉಣ್ಣಲಿಲ್ಲ. ಭಾರತಮ್ಮ ಕೊಟ್ಟ ಕಾಫಿ ಕುಡಿದಳು, ಒಂದು ಹೊತ್ತು ಅವರ ಮನೆಯ ಉಪ್ಸಾರು ಉಂಡಳು. ಶ್ರೀವಾಣಿ ಇಕ್ಕಿದ ತಟ್ಟೆ ಹಾಗೇ ತಣ್ಣಗಾಗುತ್ತಿತ್ತು.

"ಅಮ್ಮ," ರಮ್ಯ ಪಿಸುಗುಟ್ಟಿದಳು, "ಅಜ್ಜಿ ಬೊಂಬೆಗೆ ತಲೆ ಬಾಚ್ತಾ ಅವ್ರೆ. ತಟ್ಟೆ ಅದರ ಮುಂದೆ ಇಟ್ಟವ್ರೆ."

"ನೋಡ್ದಾ?" ಕದಿರೇಶ್ ಹೆಂಡತಿಯ ಮೇಲೆ ಹರಿಹಾಯ್ದ. "ಮಾಡ್ದೋಳು ನೀನು. ಹಾಳು ಬಾವೀಲಿ ಮುಚ್ಚೋಗಿದ್ದನ್ನ ಕೆದಕಿ ಎತ್ತಿದ್ದೀಯ."

"ಎಲ್ಲಿ ಮುಚ್ಚೋಗಿತ್ತು? ದಿನಾ ಬೆಳಿಗ್ಗೆ ಹಸು ಹತ್ರ ಹಾಡ್ತಿರೋರು ಯಾರು? ನಾನಾ?"

ಅವತ್ತಿನಿಂದ ಕದಿರೇಶ್ ಹಾಲು ಕರೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದ. ಹಸು ಸೊರ ಬಿಡದೆ ಒದೆಯುತ್ತಿತ್ತು. ಡೇರಿಯಲ್ಲಿ ಹಾಲು ಕಡಿಮೆಯಾಯಿತಲ್ಲ ಅಂತ ಕೇಳಿದವರಿಗೆ ತಪ್ಪನ್ನು ಮೇವಿನ ಮೇಲೆ ಹಾಕಿದ.

ನಾಲ್ಕನೇ ದಿನ ಶ್ರೀವಾಣಿ ಶಾಲೆಗೆ ರಜೆ ಹಾಕಿ, ಡಬ್ಬಿಯಲ್ಲಿ ಮುದ್ದೆ ಸಾರು ಹಿಡಿದು ಹೊಲಕ್ಕೆ ಹೋದಳು. ಮುನಿಯಲ್ಲಮ್ಮ ಬಾವಿಯ ಹತ್ತಿರ ಹಸುಗಳಿಗೆ ಹುಲ್ಲು ಕೊಯ್ಯುತ್ತಿದ್ದಳು. ಒಂದು ಕಾಲದಲ್ಲಿ ಅಲ್ಲೆಲ್ಲ ಹಿಪ್ಪುನೇರಳೆ ತೋಟ. ಊರಿಗೇ ಹೆಸರಾದ ರೇಷ್ಮೆ ಬೆಳೆ ಈ ಮನೆಯದು. ಆಮೇಲೆ ಒಂದೇ ಸಲಕ್ಕೆ ಹುಳು ಸಾಕುವುದು ಬಿಟ್ಟರು, ಹುಳುವಿನ ಮನೆಗೆ ಹಸು ಕಟ್ಟಿದರು. ರೇಟು ಬಿದ್ದು ಬಿಟ್ಟರು ಅಂತ ಊರು ನಂಬಿತ್ತು.

"ಅತ್ತೆ, ಬೊಂಬೆಯಾಟ ನಿಲ್ಲಿಸ್ತೀನಿ. ಉಣ್ಣಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮುನಿಯಲ್ಲಮ್ಮ ಕುಡುಗೋಲು ಕೆಳಗಿಟ್ಟಳು. ಬಾವಿಯ ಕಡೆ ನೋಡುತ್ತಾ ಮಾತಾಡಿದಳು.

"ಅವತ್ತು ರೇಷ್ಮೆ ಹುಳು ಹಣ್ಣಾಗಿತ್ತು, ಗೂಡು ಕಟ್ಟೋ ಹೊತ್ತು. ನಿಂಗ್ ಗೊತ್ತಿಲ್ಲ, ಹಣ್ಣಾದ ಹುಳಾನ ಆಗಿಂದಾಗ್ಲೇ ಆಯ್ದು ಚಂದ್ರಿಕೆ ತಟ್ಟೆಗೆ ಬಿಡ್ಬೇಕು. ತಡ ಮಾಡಿದ್ರೆ ಸೊಪ್ಪಿನ ಮೇಲೇ ಗೂಡು ಕಟ್ಬಿಡುತ್ವೆ, ಬೆಳೆ ಹೋಯ್ತು. ನನ್ ಎರಡು ಕೈ ತುಂಬ ಹುಳು. ಮಗು ಬಂದು ಬಾಗಿಲಲ್ಲಿ ನಿಂತ್ಕೊಂತು. ಅಮ್ಮ, ಬಾವೀಲಿ ಹೂವು ಬಂದೈತಂತೆ, ಅಣ್ಣ ಹೇಳ್ದ, ನೋಡ್ಕೊಂಡ್ ಬರ್ಲಾ ಅಂತು. ನಾನ್ ತಿರುಗೂ ನೋಡ್ಲಿಲ್ಲ. ಹೋಗು, ಬೇಗ ಬಾ ಅಂದೆ."

ಶ್ರೀವಾಣಿ ಅತ್ತೆಯ ಪಕ್ಕ ಕುಕ್ಕರಿಸಿದಳು. "ಹಂಗಾದ್ರೆ... ಅಣ್ಣ ಹೇಳಿದ್ದು ಅಂತ..."

"ಅವತ್ತಿಂದ ಗೊತ್ತು."

"ಯಾಕತ್ತೆ ಕೇಳ್ಲಿಲ್ಲ ಅವರನ್ನ?"

"ಹತ್ತು ವರ್ಷದ ಮಗ. ಒಂದು ಹೋಗಿತ್ತು, ಕೇಳಿದ್ರೆ ಇದೂ ಎಲ್ಲೋಗಿ ಬೀಳ್ತದೋ ಅಂತ ಭಯ. ದೊಡ್ಡೋನಾಗಿ ತಾನೇ ಹೇಳ್ತಾನೆ, ಆಗ ನಾನೂ ನಂದು ಹೇಳ್ತೀನಿ ಅಂದ್ಕೊಂಡೆ. ವರ್ಷ ವರ್ಷ ಲಂಗ ತಂದು ಅವನ ಕಣ್ಮುಂದೆ ಇಟ್ಟೆ. ಬಚ್ಚಿಡಕ್ಕೆ ಅಂತ ಒಂದ್ ಲಂಗ ಸಾಲ್ತಿರ್ಲಿಲ್ವಾ? ಇಷ್ಟೊ‍ಂದು ಯಾಕಮ್ಮ? ಅವನು ನೋಡ್ಲಿ ಅಂತ. ನೋಡಿ ಬಾಯಿ ಬಿಡ್ಲಿ ಅಂತ. ತುಟಿ ಪಿಟಕ್ ಅನ್ಲಿಲ್ಲ."

"ನೀವೇ ಮೊದ್ಲು ಹೇಳ್ಬಿಡಿ ಅತ್ತೆ."

"ನಾನ್ ಮೊದ್ಲು ಹೇಳಿದ್ರೆ, ಎಲ್ಲಾನೂ ನನ್ ತಲೆಗೆ ಕಟ್ಟಿ ಅವನು ಹಗುರಾಗ್ಬಿಡ್ತಾನೆ ಅಂತ ಒಂದೊಂದ್ ಸಲ ಅನ್ಸುತ್ತೆ. ನಂದೂ ಕೆಟ್ಟ ಬುದ್ಧಿ ಕಣಮ್ಮ. ನೀನ್ ಅವನಿಗೆ ಹೇಳ್ಬ್ಯಾಡ. ರಮ್ಯನ ಮೇಲಾಣೆ."

ಶ್ರೀವಾಣಿ ಹೂಂ ಅಂದಳು. ಒಂದೇ ತಲೆಯ ಮೇಲೆ ಎರಡು ಆಣೆ. ಮಗನ ಮಾತು ತಾಯಿಗೆ ಹೇಳುವ ಹಾಗಿಲ್ಲ, ತಾಯಿಯ ಮಾತು ಮಗನಿಗೆ ಹೇಳುವ ಹಾಗಿಲ್ಲ. ಒಂದೇ ಮಾತು ಹೇಳಿದರೆ ಇಬ್ಬರೂ ಬದುಕುತ್ತಿದ್ದರು. ಅವಳಿಗೆ ಕೂಗಬೇಕು ಅನ್ನಿಸಿತು. ಡಬ್ಬಿಯ ಮುಚ್ಚಳ ತೆಗೆದು ಅತ್ತೆಯ ಮುಂದೆ ಇಟ್ಟಳು.

ಮುನಿಯಲ್ಲಮ್ಮ ಎರಡು ತುತ್ತು ನುಂಗಿ, "ಬೊಂಬೆಯಾಟ ನಿಲ್ಲಿಸ್ಬ್ಯಾಡ," ಅಂದಳು. "ಆದ್ರೆ ಆ ಬೊಂಬೆ ಇನ್ನೊಬ್ರ ಕೈಗೆ ಕೊಡಲ್ಲ. ಆಡ್ಸೋದಾದ್ರೆ ನಾನೇ ಹಿಡ್ಕೋತೀನಿ."

ಶ್ರೀವಾಣಿಗೆ ಆಗಲೇ ಹೊಳೆದದ್ದು. ಬಾಯಲ್ಲಿ ಹೇಳಬಾರದು ಅಂತ ತಾನೆ ಆಣೆ? ಇಬ್ಬರನ್ನೂ ಒಂದು ಪರದೆಯ ಹಿಂದೆ ನಿಲ್ಲಿಸಬಾರದು ಅಂತ ಯಾರೂ ಆಣೆ ಹಾಕಿಸಿಕೊಂಡಿರಲಿಲ್ಲ.

ಕದಿರೇಶನನ್ನು ಒಪ್ಪಿಸಲು ಹತ್ತು ದಿನ ಹಿಡಿಯಿತು. "ಅಣ್ಣನ ಬೊಂಬೆ ನೀವು ಹಿಡೀಬೇಕು" ಅಂದ ದಿನ ಅವನು ತಟ್ಟೆ ತಳ್ಳಿ ಎದ್ದುಹೋದ. ಮರುದಿನ ಸೊಪ್ಪಿನ ಬಸ್ಸಾರು ಮಾಡಿ ಮತ್ತೆ ಕೇಳಿದಳು.

"ನಿಂಗೇನ್ ತಲೆ ಕೆಟ್ಟೈತಾ? ಎಲ್ಲಾ ಗೊತ್ತಿದ್ದೂ ನನ್ನೇ ಕೇಳ್ತೀಯಲ್ಲ!"

"ಗೊತ್ತಿರೋದಕ್ಕೇ ಕೇಳ್ತಿರೋದು."

"ಏನ್ಲಾ ಅದು ಗೊತ್ತಿರೋದು?" ಮುನಿಯಲ್ಲಮ್ಮ ಮೂಲೆಯಿಂದ ಕೇಳಿದಳು.

"ಏನಿಲ್ಲಮ್ಮ," ಅಂದ ಕದಿರೇಶ್. ಅವಳು ಮತ್ತೆ ಸೊಪ್ಪು ಸೋಸತೊಡಗಿದಳು. ಇಪ್ಪತ್ತೆಂಟು ವರ್ಷದಿಂದ ಈ 'ಏನಿಲ್ಲಮ್ಮ'ವೇ ಅವಳಿಗೆ ಸಿಕ್ಕ ಉತ್ತರ.

ಕೊನೆಗೆ ಗೆದ್ದವಳು ರಮ್ಯ. "ಅಪ್ಪ, ಅಣ್ಣನ ಬೊಂಬೆ ಕೋಲು ಉದ್ದ. ನಾವು ಹಿಡಿದ್ರೆ ಅಣ್ಣ ಕುಳ್ಳ ಕಾಣ್ತಾನೆ. ಅಜ್ಜಿನೇ ಬರ್ತಾರಂತೆ, ನಿಂಗೇನು?"

"ಕೋಲು ಹಿಡೀತೀನಿ," ಅಂದ ಅವನು. "ಬಾಯಿ ಬಿಡಲ್ಲ."

"ಮಾತೆಲ್ಲಾ ನಾನೇ ಹೇಳ್ತೀನಿ ಬಿಡಪ್ಪ."

ನವೆಂಬರಿನಲ್ಲಿ ದಿನವೂ ನಾಲ್ಕು ಗಂಟೆಗೆ ಶಾಲೆಯ ಜಗಲಿಯಲ್ಲಿ ಅಭ್ಯಾಸ. ತಾಯಿ ಮಗ ಪರದೆಯ ಹಿಂದೆ ಎರಡು ಮಾರು ದೂರ ನಿಲ್ಲುತ್ತಿದ್ದರು. ಬೊಂಬೆಗಳು ಒಂದನ್ನೊಂದು ನೋಡುತ್ತಿದ್ದವು, ಹಿಡಿದವರು ನೋಡುತ್ತಿರಲಿಲ್ಲ. ಕಥೆಯ ಕೊನೆಗೆ ಬರುವಷ್ಟರಲ್ಲಿ ಡೇರಿಯ ಹೊತ್ತಾಗುತ್ತಿತ್ತು. "ಹಾಲಿಗೆ ಲೇಟಾಯ್ತು" ಅಂತ ಕದಿರೇಶ್ ಕೋಲು ಇಳಿಸಿ ಹೊರಟುಬಿಡುತ್ತಿದ್ದ. ಅಣ್ಣ ಕರೆಯುವ ಭಾಗ ಒಂದು ದಿನವೂ ಅಭ್ಯಾಸವಾಗಲಿಲ್ಲ.

ಹದಿನಾಲ್ಕನೇ ತಾರೀಕು ಸಂಜೆ ಶಾಲೆಯ ಅಂಗಳ ತುಂಬಿತು. ಮಕ್ಕಳು ಚಾಪೆಯ ಮೇಲೆ, ದೊಡ್ಡವರು ಹಿಂದೆ ಕುರ್ಚಿಗಳಲ್ಲಿ. ಭಾರತಮ್ಮ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಎರಡು ಕಂಬಕ್ಕೆ ಕಟ್ಟಿದ ಕಂಬಳಿಯೇ ಪರದೆ, ಅದರ ಅಂಚಿನಲ್ಲಿ ಕೂರಿಸಿದ ಮಂಕರಿಯೇ ಬಾವಿ. ವೆಂಕಟರಾಯಪ್ಪನವರು ಮೈಕಿನಲ್ಲಿ ಕಥೆ ಹೇಳಿದರು. ಜೋಳದ ಮೀಸೆಯ ರಾಜ ಹೂವಿಗೆ ಕೈ ಹಾಕಿ ಮುಗ್ಗರಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ರಮ್ಯ ಹಾಡಿದಳು. 'ಚಾಪೇಲಿ' ಅಂತ ದನಿ ಕೆಳಗಿಳಿದಾಗಲೆಲ್ಲ ಪರದೆಯ ಹಿಂದೆ ಕದಿರೇಶನ ಕೋಲು ಅಲುಗುತ್ತಿತ್ತು.

"ಆಗ ಅಣ್ಣ ಬಂದ," ಅಂದರು ಮೇಷ್ಟ್ರು. ಅಣ್ಣನ ಬೊಂಬೆ ಬಾವಿಯ ಹತ್ತಿರ ಬಂತು. ರಮ್ಯ ಗಂಡು ದನಿ ಮಾಡಿ ಕರೆದಳು, "ಹೂವಮ್ಮಾ!" ಅಂತ. ಕಥೆಯ ಹುಡುಗಿಗೆ ಅವರು ಇಟ್ಟಿದ್ದ ಹೆಸರು ಅದು. ಎರಡನೇ ಸಲ ಕರೆದಳು, ಮೂರನೇ ಸಲವೂ ಕರೆದಳು. ಹುಡುಗಿಯ ಬೊಂಬೆ ಮೇಲೆ ಬರಲಿಲ್ಲ.

ಮುನಿಯಲ್ಲಮ್ಮ ಮಂಕರಿಯ ಕೆಳಗೆ ನೆಲದ ಮೇಲೆ ಕೂತುಬಿಟ್ಟಿದ್ದಳು, ಬೊಂಬೆ ಮಡಿಲಲ್ಲಿತ್ತು. ಶ್ರೀವಾಣಿ ಪಕ್ಕದ ಕಂಬದ ಹತ್ತಿರ ನಿಂತು ಎಲ್ಲ ನೋಡುತ್ತಿದ್ದಳು. ಆವಲಪ್ಪ ಏನೋ ಎಡವಟ್ಟಾಯಿತು ಅಂತ ಹಾರ್ಮೋನಿಯಂ ಎಳೆಯುತ್ತಾ ಹೋದ.

"ಅಜ್ಜಿ, ಎತ್ತು!" ಅಂದಳು ರಮ್ಯ.

"ನೀನ್ ಕರೆದ್ರೆ ಬರಲ್ಲ ಮಗ." ಮುನಿಯಲ್ಲಮ್ಮ ತಲೆ ಎತ್ತಿ ಕದಿರೇಶನನ್ನು ನೋಡಿದಳು. "ನೀನ್ ಕರಿಯೋ."

"ಬಾಯಿ ಬಿಡಲ್ಲ ಅಂದಿದ್ನಲ್ಲಮ್ಮ."

"ಕರಿ."

ಅಂಗಳದಲ್ಲಿ ಮಕ್ಕಳು ಗುಸುಗುಸು ಶುರು ಮಾಡಿದ್ದರು. ಕದಿರೇಶ್ ಮೆಲ್ಲಗೆ, "ಹೂವಮ್ಮ," ಅಂದ.

"ಅದು ಅವಳ ಹೆಸರಲ್ಲ."

ಕೋಲು ಹಿಡಿದ ಅವನ ಕೈ ಸೋತು ಅಣ್ಣನ ಬೊಂಬೆ ಬಾವಿಯ ಮೇಲೆ ಬಾಗಿತು. ಹೊರಗಿನವರಿಗೆ ಅದು ಬಗ್ಗಿ ನೋಡಿದ ಹಾಗೇ ಕಂಡಿತು.

"ಸುನಂದಾ," ಅಂದ. ಆಮೇಲೆ ಜೋರಾಗಿ, "ಸುನಂದಾ!"

ಹಿಂದಿನ ಕುರ್ಚಿಗಳಲ್ಲಿ ದೊಡ್ಡವರ ಮಾತು ಒಮ್ಮೆಗೇ ನಿಂತಿತು. ಭಾರತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹಸಿರು ಲಂಗದ ಬೊಂಬೆ ಮೆಲ್ಲಗೆ ಮಂಕರಿಯಿಂದ ಮೇಲೆ ಬಂದು, ಅಣ್ಣನ ಬೊಂಬೆಯ ಎದುರು ನಿಂತಿತು. ರಮ್ಯ ಹೇಳಬೇಕಾಗಿದ್ದ ಮಾತನ್ನು ಮುನಿಯಲ್ಲಮ್ಮನೇ ಹೇಳಿದಳು. ಅರವತ್ತು ದಾಟಿದ ಅವಳಿಗೆ ಅಷ್ಟು ಎಳೇ ದನಿ ಎಲ್ಲಿಂದ ಬಂತೋ ಅಂತ ಅಲ್ಲಿದ್ದವರು ಈಗಲೂ ಹೇಳುತ್ತಾರೆ.

"ಯಾಕಣ್ಣ ಇಷ್ಟು ತಡ?"

ಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ. ಕದಿರೇಶ್ ಉತ್ತರ ಕೊಟ್ಟ.

"ಗೋಲಿ ಆಡ್ತಿದ್ದೆ."

ಮಕ್ಕಳು ಗೊಳ್ಳೆಂದು ನಕ್ಕರು. ಅಷ್ಟೊತ್ತು ಕಾಯಿಸಿದ ಅಣ್ಣ ಗೋಲಿ ಆಡುತ್ತಿದ್ದನಂತೆ! ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲಿ ಅವನು ಮಂಡಿಯೂರಿ, "ನಾನೇ ಕಳಿಸಿದ್ದಮ್ಮ. ಬಾವೀಲಿ ಹೂವು ಬಂದೈತೆ ಅಂತ ಸುಳ್ಳು ಹೇಳ್ದೋನು ನಾನೇ," ಅಂದ.

ಮುನಿಯಲ್ಲಮ್ಮ ಬೊಂಬೆಯನ್ನು ಅವನ ಕೈಗೆ ಕೊಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ನನ್ನ ಕೇಳ್ಕೊಂಡೇ ಹೋಗಿದ್ದು ಕಣಪ್ಪ ಅವಳು. ಹುಳು ಹಣ್ಣಾಗಿತ್ತು. ಹೋಗು ಅಂದೋಳು ನಾನು."

ಅವನು ತಾಯಿಯ ಮುಖವನ್ನೇ ನೋಡಿದ. ಆಮೇಲೆ ಅವಳ ಮಡಿಲಿಗೆ ತಲೆ ಹಾಕಿ ಅತ್ತ. ಅವಳೂ ಅತ್ತಳು.

ಹೊರಗೆ ಆವಲಪ್ಪ ಮಂಗಳ ಹಾಡಲು ಶುರು ಮಾಡಿದ. ಆಟ ಮುಗಿದ ಮೇಲೆ ಪರದೆ ಇಳಿಸಿ ಬೊಂಬೆ ಆಡಿಸಿದವರನ್ನು ತೋರಿಸಬೇಕು ಅಂತ ಮೊದಲೇ ಮಾತಾಗಿತ್ತು. ವೆಂಕಟರಾಯಪ್ಪನವರು ಮೈಕು ಹಿಡಿದುಕೊಂಡೇ ಪರದೆಯ ಕಡೆ ಬಂದರು.

"ಶ್ರೀವಾಣಿ ಮೇಡಂ, ಪರದೆ ತೆಗೀರಿ. ಜನ ಕಾಯ್ತಾವ್ರೆ."

ಶ್ರೀವಾಣಿ ಕಂಬಳಿಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಅಡ್ಡ ನಿಂತಳು.

"ಸ್ವಲ್ಪ ತಡೀರಿ ಸಾರ್," ಅಂದಳು. "ಇನ್ನೂ ಮಾತಾಡ್ತಾವ್ರೆ."